ಬಡವರ ಹಿಟ್ಟು ರುಬ್ಬಿದ ಸಾಹುಕಾರರು

ದೇಶ ಹೇಗೆ ಹಾಳಾಗುತ್ತಿದೆ ಎಂಬುದನ್ನು ಶಿಕಾರಿಪುರದಲ್ಲಿ ಮಲ್ಲಿಕಾರ್ಜುನಪ್ಪನವರಷ್ಟು ಖಚಿತವಾಗಿ ಬಲ್ಲವರು ಇನ್ನೊಬ್ಬರಿರಲಿಲ್ಲ. ಬೆಳಿಗ್ಗೆ ಪೂಜೆ ಮುಗಿಸಿ, ಹಣೆ ತುಂಬ ವಿಭೂತಿ ಬಳಿದುಕೊಂಡು, ಟಿ.ವಿ. ಮುಂದೆ ಕೂತರೆಂದರೆ ಅವರ ರಾಷ್ಟ್ರಚಿಂತನೆ ಶುರು. ಎಡಗೈಯಲ್ಲಿ ರಿಮೋಟು, ಬಲಗೈಯಲ್ಲಿ ದೋಸೆ. ಟಿ.ವಿ.ಯವನು ಯಾವನದೋ ಕಾರು ತೋರಿಸಿ, ಅವನದೇ ಬಿಪಿಎಲ್ ಕಾರ್ಡು ತೋರಿಸಿ, ಇಂಥವರನ್ನು ಏನು ಮಾಡಬೇಕು ಎಂದು ಗಂಟಲು ಹರಿದುಕೊಳ್ಳುತ್ತಿದ್ದ. ಏನು ಮಾಡಬೇಕೆಂದು ಮಲ್ಲಿಕಾರ್ಜುನಪ್ಪನವರಿಗೆ ಗೊತ್ತಿತ್ತು, ಆದರೆ ಅವನು ಇವರನ್ನು ಕೇಳುತ್ತಿರಲಿಲ್ಲ. ಅದೇ ಅವರ ದುಃಖ.

"ನೋಡಿದ್ಯೇನೇ? ನಾವು ತೆರಿಗೆ ಕಟ್ಟಾದು, ಇವರು ಕೂತು ತಿನ್ನಾದು."

"ನೋಡ್ದೆ. ಇನ್ನೊಂದು ಹಾಕ್ಲೇನ್ರೀ?" ಅಡುಗೆಮನೆಯಿಂದ ಹೆಂಡತಿ ಜಗದಾಂಬಮ್ಮ.

"ಹಾಕು. ಗರಿಗರಿ ಇರ್ಲಿ."

(ಅವರ ಮನೆಯ ಕರೆಂಟು ಪುಕ್ಕಟೆ. ಜಗದಾಂಬಮ್ಮ ಆನವಟ್ಟಿಯ ತವರಿಗೆ ಹೋಗಿಬರುವ ಬಸ್ಸೂ ಪುಕ್ಕಟೆ. ಅದು ಬೇರೆ. ಹೇಗೆ ಬೇರೆ ಎಂದು ಕೇಳಿದವರಿಗೆ ತಮ್ಮ ಗೊಬ್ಬರದ ಅಂಗಡಿಯಲ್ಲಿ ಉದ್ರಿ ನಿಲ್ಲಿಸುತ್ತಿದ್ದರು.)

ಕೊನೆಗೂ ಒಬ್ಬ ಅವರನ್ನು ಕೇಳಿದ. ಮೊಬೈಲಿನಲ್ಲೇ 'ಬೆಂಕಿ ಸುದ್ದಿ' ಎಂಬ ಚಾನೆಲ್ಲು ನಡೆಸುತ್ತಿದ್ದ ಯತೀಶ ಅಂಗಡಿಗೆ ಬಂದು, "ಬಿಪಿಎಲ್ ಕಾರ್ಡಿನ ಅನರ್ಹರ ಬಗ್ಗೆ ಒಂದು ಕಾರ್ಯಕ್ರಮ ಮಾಡ್ತಿದೀನಿ ಸಾರ್. ನಿಮ್ಮಂಥ ಪ್ರಾಮಾಣಿಕರು ಎರಡು ಮಾತು ಆಡ್ಬೇಕು. ನಾಳೆ ನಿಮ್ಮನೆಯಿಂದಾನೇ ಲೈವ್" ಎಂದ. ಮಲ್ಲಿಕಾರ್ಜುನಪ್ಪ ಆ ಕ್ಷಣದಿಂದಲೇ ಕೆಮ್ಮಿ ಗಂಟಲು ಸರಿಮಾಡಿಕೊಳ್ಳತೊಡಗಿದರು.

ಸುದ್ದಿ ಕೇಳಿ ಜಗದಾಂಬಮ್ಮನ ಮುಖ ಸಣ್ಣದಾಯಿತು. "ನಾಳೆ ಬ್ಯಾಡ್ರೀ. ನಾಳೆ ವರದಮ್ಮ ಬರ್ತಾಳೆ."

"ಬರ್ಲಿ ಬಿಡು. ಅವಳೂ ನಾಕು ಒಳ್ಳೆ ಮಾತು ಕೇಳ್ಲಿ."

ವರದಮ್ಮ ಎಂದರೆ ಕುರಿ ಕಾಯುವ ಉಜ್ಜಪ್ಪನ ಹೆಂಡತಿ. ಮೆಕ್ಕೆಜೋಳ ಕಟಾವಾದ ಮೇಲೆ ಉಜ್ಜಪ್ಪನ ಕುರಿಮಂದೆ ಮಲ್ಲಿಕಾರ್ಜುನಪ್ಪನವರ ಹೊಲದಲ್ಲೇ ತಂಗುತ್ತಿತ್ತು. ಕುರಿಗೊಬ್ಬರ ಬಿದ್ದ ನೆಲವೇ ನೆಲ ಎಂದು ಅವರ ಮತ. (ತಮ್ಮ ಅಂಗಡಿಯ ಗೊಬ್ಬರದ ಮೇಲೆ ಅವರಿಗಿದ್ದ ನಂಬಿಕೆ ಅಷ್ಟು.) ಮಂದೆ ಹಾಕಿದ್ದಕ್ಕೆ ಕಾಳು ಕೊಡುವುದು ಹಿಂದಿನಿಂದ ಬಂದ ಪದ್ಧತಿ. ಅದನ್ನು ಅಳೆದುಕೊಡುವುದು ಜಗದಾಂಬಮ್ಮನ ಖಾತೆ. ಹಿತ್ತಿಲ ಬಾಗಿಲಲ್ಲಿ ನಡೆಯುವ ಆ ವ್ಯವಹಾರಕ್ಕೆ ಯಜಮಾನರು ತಲೆ ಹಾಕಿದವರಲ್ಲ.

ಮಾರನೆಯ ದಿನ ಯತೀಶ ಮೊಬೈಲು ಹಿಡಿದು ನಿಂತ. ಇಸ್ತ್ರಿಯ ಬಿಳಿ ಅಂಗಿಯಲ್ಲಿ ಮಲ್ಲಿಕಾರ್ಜುನಪ್ಪ ಸಾಕ್ಷಾತ್ ನ್ಯಾಯದೇವತೆಯ ಗಂಡನಂತೆ ಕಂಗೊಳಿಸಿದರು. "ಅಕ್ಕಿ ತಿನ್ನೋ ಕಳ್ಳರು ಹೊರಗೆ ಕಾಣಲ್ಲ. ಕ್ಯಾಮೆರಾ ಸೀದಾ ಅವರ ಅಡುಗೆಮನೆಗೆ ನುಗ್ಗಬೇಕು. ಒಲೆ ಮ್ಯಾಲೆ ಏನು ಬೇಯ್ತೈತೆ ಅಂತ ನಾಡಿಗೇ ತೋರಿಸ್ಬೇಕು" ಎಂದು ಗುಡುಗಿದರು.

ಯತೀಶನಿಗೆ ಐಡಿಯಾ ಹೊಳೆಯಿತು. "ಬನ್ನಿ ಸಾರ್, ಪ್ರಾಮಾಣಿಕರ ಅಡುಗೆಮನೆ ಹೆಂಗಿರ್ತದೆ ಅಂತ ಮೊದ್ಲು ತೋರಿಸಾಣ."

"ಧಾರಾಳವಾಗಿ" ಎಂದು ಮಲ್ಲಿಕಾರ್ಜುನಪ್ಪ ಮುಂದೆ ನಡೆದರು. ಜಗದಾಂಬಮ್ಮ ಬಾಗಿಲಿಗೆ ಅಡ್ಡ ನಿಂತು, ಒಳಗೆ ಜಿರಲೆ ಔಷಧಿ ಹೊಡೆದಿದೆ ಎಂದರು, ನೆಲ ಒದ್ದೆ ಎಂದರು. ನ್ಯಾಯ ಒಮ್ಮೆ ಹೊರಟ ಮೇಲೆ ಒದ್ದೆ ನೆಲಕ್ಕೆ ನಿಲ್ಲುವುದುಂಟೇ.

ಒಳಗೆ ವರದಮ್ಮ ಆಗಷ್ಟೇ ತಲೆಯ ಮೇಲಿನ ಅಕ್ಕಿ ಚೀಲ ಇಳಿಸಿ ಅದರ ಬಾಯಿ ಬಿಚ್ಚಿದ್ದಳು. ಪಕ್ಕದಲ್ಲಿ ಅವಳಿಗೆಂದು ಅಳೆದಿಟ್ಟ ಬಿಳಿಜೋಳದ ಚೀಲ. ಯತೀಶ ಬಗ್ಗಿ ಅಕ್ಕಿ ಮುಟ್ಟಿ ನೋಡಿದ. "ಇದು ಸೊಸೈಟಿ ಅಕ್ಕಿ ಅಲ್ವೇನಮ್ಮ? ಕಾರ್ಡು ಯಾರ್ದು?"

"ನಂದೇ ಕಣಪ್ಪ."

"ನಿನ್ನ ಕಾರ್ಡಿನ ಅಕ್ಕಿಗೆ ಈ ಮನೆಯಾಗೆ ಏನು ಕೆಲಸ? ಕೊಟ್ರೆ, ಮಾರಿದ್ರೆ ಕಾರ್ಡೇ ರದ್ದಾಗ್ತದೆ, ಗೊತ್ತೈತಾ? ಲೈವ್ ನಡೀತಾ ಐತೆ."

ಮಲ್ಲಿಕಾರ್ಜುನಪ್ಪ ಹೆಂಡತಿಯ ಕಡೆ ನೋಡಿದರು. ಜಗದಾಂಬಮ್ಮ ದೋಸೆಕಲ್ಲಿನ ಕಡೆ ನೋಡಿದರು. ಇಷ್ಟು ವರ್ಷ ತಾವು ಯಾವ ಅಕ್ಕಿಯ ದೋಸೆ ತಿಂದು ಟಿ.ವಿ.ಯ ಕಳ್ಳರನ್ನು ಬೈಯುತ್ತಿದ್ದರೆಂದು ಯಜಮಾನರಿಗೆ ಆಗ ಅರ್ಥವಾಯಿತು. ಅವರ ಮಾನ ಹೋಗುವುದು ಹಾಗಿರಲಿ, ಕಾರ್ಡು ಹೋದರೆ ವರದಮ್ಮನ ಮನೆಯ ಗತಿಯೇನು? ಕುರಿ ಹಿಂದೆ ಊರೂರು ತಿರುಗುವವರಿಗೆ ಆ ಕಾರ್ಡೇ ಧೈರ್ಯ. ಅವಳು ನಿಜ ಹೇಳಿದರೆ ಅವಳೂ ಮುಳುಗುತ್ತಾಳೆ, ಇವರೂ ಮುಳುಗುತ್ತಾರೆ.

ವರದಮ್ಮ ಮಾತ್ರ ಸೆರಗಿನಿಂದ ನಿಧಾನಕ್ಕೆ ಮುಖ ಒರೆಸಿಕೊಂಡಳು. "ಏನು ಕೆಲ್ಸ ಅಂದ್ರೆ? ರುಬ್ಬಿಸ್ಕೊಂಡು ಹೋಗಾಕೆ ಬಂದೀನಪ್ಪ. ನಮ್ಮನ್ಯಾಗೆ ಗ್ರೈಂಡ್ರು ಎಲ್ಲೈತೆ? ಸಾವ್ಕಾರ್ರು ದೊಡ್ಡ ಮನಸ್ಸು ಮಾಡಿ ರುಬ್ಬಿ ಕೊಡ್ತಾರೆ."

"ಒಣ ಅಕ್ಕಿ ರುಬ್ತಾರಾ?"

"ಇದನ್ನ ಇಲ್ಲೇ ನೆನೆ ಹಾಕಾದು. ಹಿಂದೆ ತಂದಿದ್ದು ಅಗಾ, ನೆಂದೈತೆ" ಎಂದು ವರದಮ್ಮ ಮೂಲೆಯಲ್ಲಿದ್ದ ಪಾತ್ರೆ ತೋರಿಸಿದಳು. ಅದು ಮಲ್ಲಿಕಾರ್ಜುನಪ್ಪನವರ ಮರುದಿನದ ದೋಸೆಗೆಂದು ನೆನೆಸಿದ್ದು.

ಯತೀಶನ ಮುಖ ಬೇಟೆ ತಪ್ಪಿದವನ ಮುಖವಾಯಿತು. ಆದರೆ ಚಾನೆಲ್ಲಿನವನು ಬರಿಗೈಲಿ ಹೋದಾನೆಯೇ? "ಹಂಗಾದ್ರೆ ಸಾರ್ ರುಬ್ಬೋದನ್ನೇ ತೋರಿಸಾಣ" ಎಂದ.

ಮದುವೆಯಾದ ಮೇಲೆ ಮಲ್ಲಿಕಾರ್ಜುನಪ್ಪ ಗ್ರೈಂಡರಿನ ಸ್ವಿಚ್ಚು ಮುಟ್ಟಿದ್ದು ಅದೇ ಮೊದಲು. ನೀರು ಜಾಸ್ತಿ ಸುರಿದರು, ಮುಚ್ಚಳ ಮರೆತರು. ಹಿಟ್ಟು ಅಂಗಿಗೆ ಹಾರಿತು, ಮೀಸೆಗೆ ಹಾರಿತು, ಹಣೆಯಲ್ಲಿ ವಿಭೂತಿ ಯಾವುದು ಹಿಟ್ಟು ಯಾವುದು ತಿಳಿಯದಾಯಿತು. ಕೊನೆಗೆ ತಮ್ಮ ದೋಸೆಹಿಟ್ಟನ್ನು ತಾವೇ ಕೈಯಾರೆ ಬಕೆಟ್ಟಿಗೆ ಬಳಿದು ವರದಮ್ಮನಿಗೆ ಕೊಟ್ಟರು. ಅವಳು ಕೈಮುಗಿದಳು. ಅವರೂ ಮುಗಿದರು, ಅವಳಿಗಿಂತ ಬಹಳ ಭಕ್ತಿಯಿಂದ.

ಯತೀಶ ಹೋದಮೇಲೆ ಮಲ್ಲಿಕಾರ್ಜುನಪ್ಪ ಅಲ್ಲೇ ಕುಕ್ಕರಿಸಿದರು. "ಅಲ್ವೇ, ಹೇಳಬಾರ್ದಿತ್ತಾ?"

"ಹೇಳಿದ್ರೆ ನೀವು ದೋಸೆ ಬಿಡ್ತಿದ್ರೇನು? ಸೋನಾಮಸೂರಿದು ಮಾಡಿ ನೋಡ್ದೆ, ರಬ್ಬರ್ ಅಂತ ತಟ್ಟೆ ಸರಿಸಿದ್ರಿ. ಅತ್ಲಾಗೆ ಉಜ್ಜಪ್ಪಂಗೆ ರೊಟ್ಟಿ ಇಲ್ದೆ ಊಟ ಇಳಿಯಲ್ಲ. ಅವರ ಅಕ್ಕಿ ನಮಗೆ, ಮಂದೆ ಕಾಳಿನ ಜತಿಗೆ ನಮ್ಮ ಜೋಳ ಅವರಿಗೆ. ಇದ್ರಾಗೆ ದೇಶ ಎಲ್ಲಿ ಹಾಳಾತು?"

ಮಲ್ಲಿಕಾರ್ಜುನಪ್ಪ ವರದಮ್ಮನ ಕಡೆ ತಿರುಗಿದರು. "ನನ್ನ ಮಾನ ಉಳಿಸ್ದೆ ತಾಯಿ. ನಿನ್ನ ಋಣ ಹೆಂಗೆ ತೀರಿಸ್ಲಿ?"

"ಅಯ್ಯ, ಬಿಡ್ರಿ ಸಾವ್ಕಾರ್ರೇ. ರುಬ್ಬಿ ಕೊಟ್ರಲ್ಲ, ಸಾಕು."

ಅದೇ ದಿನ 'ಬೆಂಕಿ ಸುದ್ದಿ'ಯಲ್ಲಿ ಆ ಲೈವ್ ಹೊಸ ತಲೆಬರಹ ಹೊತ್ತು ಮತ್ತೆ ಬಂತು: 'ಬಡವರ ಹಿಟ್ಟು ರುಬ್ಬುವ ಸಾಹುಕಾರ, ಅದೂ ಉಚಿತವಾಗಿ'. ಕಳ್ಳರಿಗೆ ಸಿಗುವಷ್ಟು ನೋಡುಗರು ಸಿಗಲಿಲ್ಲವೆಂದು ಯತೀಶ ಕೊರಗಿದ. ಆದರೆ ನೋಡಬೇಕಾದವರು ನೋಡಿದ್ದರು. ಮಾರನೆಯ ಬೆಳಿಗ್ಗೆ ಮಲ್ಲಿಕಾರ್ಜುನಪ್ಪ ಬಾಗಿಲು ತೆಗೆದರೆ ಹಿಂದಿನ ಕೇರಿಯ ಹೆಂಗಸರೆಲ್ಲ ನೆನೆಸಿದ ಸೊಸೈಟಿ ಅಕ್ಕಿ ಹಿಡಿದು ಸಾಲಾಗಿ ನಿಂತಿದ್ದರು. ಎಲ್ಲರಿಗಿಂತ ಮುಂದೆ ಅದೇ ಕೇರಿಯ ಸುನಿತಾ ಎಂಬಾಕೆ. "ವರದಕ್ಕಂಗೆ ಮಾತ್ರಾನಾ ಸಾವ್ಕಾರ್ರೇ, ನಮಗೂ ಹಾಕಿಕೊಡ್ತೀರೋ?"

ಇಲ್ಲ ಎನ್ನುವಂತಿರಲಿಲ್ಲ. ಇಲ್ಲ ಎಂದರೆ ನಿನ್ನೆ ಆಡಿದ್ದೆಲ್ಲ ಸುಳ್ಳಾಗಿ ಯತೀಶ ಮತ್ತೆ ವರದಮ್ಮನ ಕಾರ್ಡು ಕೆದಕುತ್ತಾನೆ. ಅವಳು ಮಾಡಿದ ಉಪಕಾರ ನೆನೆದು ಮಲ್ಲಿಕಾರ್ಜುನಪ್ಪ ಪಂಚೆ ಮೇಲೆ ಕಟ್ಟಿ ಸ್ವಿಚ್ಚು ಒತ್ತಿದರು. ಈ ಸಲ ಮುಚ್ಚಳ ಮರೆಯಲಿಲ್ಲ. ಅಂಗಡಿ ತೆರೆಯುವುದು ದಿನಾ ತಡವಾಗತೊಡಗಿತು. ಟಿ.ವಿ. ಹಾಕಿದರೂ ಗ್ರೈಂಡರಿನ ಸದ್ದಿನಲ್ಲಿ ಯಾರು ಯಾರನ್ನು ಬೈಯುತ್ತಿದ್ದಾರೆಂದು ಕೇಳಿಸುತ್ತಿರಲಿಲ್ಲ.

ಇನ್ನೊಂದು ವಿಷಯ. ರುಬ್ಬಿಸಿಕೊಂಡವರು ರುಬ್ಬಿದವರ ಮನೆಯಲ್ಲಿ ಒಂದು ಸೌಟು ಹಿಟ್ಟು ಬಿಟ್ಟು ಹೋಗುವುದು ಆ ಕೇರಿಯ ರೂಢಿ. ಮಲ್ಲಿಕಾರ್ಜುನಪ್ಪ ಬೇಡವೆಂದು ಕೈ ಅಡ್ಡ ಹಿಡಿದರು, ಬಾಗಿಲು ಹಾಕಿಕೊಂಡರು. "ಬ್ಯಾಡ ಅಂದ್ರೆ ನಾವು ಪುಕ್ಕಟೆ ಮಾಡಿಸ್ಕೊಂಡಂಗೆ ಆಗ್ತೈತ್ರೀ, ನಾವು ಅಂಥೋರಲ್ಲ" ಎಂದು ಸುನಿತಾ ಕಟ್ಟುನಿಟ್ಟಾಗಿ ಹೇಳಿ ಸೌಟು ಬಗ್ಗಿಸಿದಳು. ಉಳಿದವರೂ ಬಗ್ಗಿಸಿದರು. ಪಾತ್ರೆ ತುಂಬಿತು.

ಆ ಹಿಟ್ಟಿನ ದೋಸೆ ಎಂದಿಗಿಂತ ಗರಿಗರಿಯಾಗಿ ಬಂದಿತ್ತು. ಮಲ್ಲಿಕಾರ್ಜುನಪ್ಪ ಪ್ರತಿ ತುತ್ತಿಗೂ ಒಬ್ಬೊಬ್ಬರನ್ನು ನೆನೆಯುತ್ತ, ಮನಸ್ಸಿನಲ್ಲೇ ಕೈಮುಗಿಯುತ್ತ ತಿನ್ನುತ್ತಿದ್ದರು.

ಜಗದಾಂಬಮ್ಮ ಸೌಟು ಹಿಡಿದು ಬಾಗಿಲಲ್ಲಿ ನಿಂತರು. "ಮೊದ್ಲು ಒಂದೇ ಕಾರ್ಡಿಂದು ತಿಂತಿದ್ರಿ. ಈಗ ಇಡೀ ಕೇರಿ ಕಾರ್ಡು ನಿಮ್ಮ ತಟ್ಟೇಲೈತೆ. ಇನ್ನೊಂದು ಹಾಕ್ಲೋ, ಬ್ಯಾಡೋ?"

ಮಲ್ಲಿಕಾರ್ಜುನಪ್ಪ ತಲೆ ಎತ್ತದೆ ತಟ್ಟೆಯನ್ನು ಹೆಂಡತಿಯ ಕಡೆ ಚಾಚಿದರು.