ದೊಡ್ಡ ಸರ್ ಯುನಿಕ್ಸ್ ಕಲಿತದ್ದು

ಕಂಪ್ಯೂಟರ್ ಕಲಿಸುವವನ ಎದುರು ನಗು ಬರುವಂಥದ್ದು ದಿನಾ ಒಂದಿಲ್ಲೊಂದು ನಡೆಯುತ್ತಲೇ ಇರುತ್ತದೆ. ಕಲಿಯುವವರು ತಲೆ ನರೆತವರಾದರೆ ದಿನಕ್ಕೆ ಎರಡು. ನಾನು ಅವನ್ನೆಲ್ಲ ಚಹಾದ ಅಂಗಡಿಯಲ್ಲಿ ಹೇಳಿ ಮಂದಿಯನ್ನು ನಗಿಸುತ್ತಿದ್ದೆ. ಒಂದನ್ನು ಮಾತ್ರ ಹೇಳಿ ನಗಿಸಬಾರದಿತ್ತು.

ಕೊಪ್ಪಳ ಹೊಸ ಜಿಲ್ಲೆಯಾಗಿ ಒಂದೆರಡು ವರ್ಷವಾಗಿತ್ತು. ಬಾಡಿಗೆ ಕಟ್ಟಡದಲ್ಲಿದ್ದ ಒಂದು ಕಚೇರಿಗೆ ಕಂಪ್ಯೂಟರ್ ಬಂತು. ಮೂಲೆಯಲ್ಲಿ ಒಂದು ದೊಡ್ಡ ಯಂತ್ರ, ಅದಕ್ಕೆ ತಂತಿ ಎಳೆದ ಎಂಟು ಟರ್ಮಿನಲ್. ಎಂಟು ಮಂದಿ ಒಂದೇ ಯಂತ್ರದಲ್ಲಿ ಒಟ್ಟಿಗೇ ಕೆಲಸ ಮಾಡಬಹುದು. ಅದನ್ನು ನಡೆಸುವ ವ್ಯವಸ್ಥೆಯ ಹೆಸರು ಯುನಿಕ್ಸ್. ಚಿತ್ರವಿಲ್ಲ, ಮೌಸ್ ಇಲ್ಲ. ಕಪ್ಪು ಪರದೆ, ಬಿಳಿ ಅಕ್ಷರ. ಏನು ಆಗಬೇಕೋ ಅದನ್ನು ಟೈಪ್ ಮಾಡಿ ಹುಕುಂ ಕೊಡಬೇಕು. ಕಲಿಸಲು ನಾನು ಗಂಗಾವತಿಯಿಂದ ದಿನಾ ಬಸ್ಸಿಗೆ ಬರುತ್ತಿದ್ದೆ. ನನಗಾಗ ಇಪ್ಪತ್ನಾಲ್ಕು. ಮೂರು ತಿಂಗಳ ಕೊನೆಗೆ ಪರೀಕ್ಷೆ. ಪಾಸಾಗದವರನ್ನು ಬೇರೆ ಕಡೆ ಹಾಕುತ್ತೇವೆ ಅಂತ ಸಾಹೇಬರು ಮೊದಲ ದಿನವೇ ಹೇಳಿಬಿಟ್ಟಿದ್ದರು.

ಮನಿಗೆ ಹೋಗೋದು

ಯುನಿಕ್ಸಿನಲ್ಲಿ ಪ್ರತಿಯೊಬ್ಬನಿಗೂ ಅವನದೇ ಒಂದು ಜಾಗ ಇರುತ್ತದೆ. ಅದಕ್ಕೆ 'ಹೋಮ್' ಅನ್ನುತ್ತಾರೆ. ನಾನು ಹಲಗೆಯ ಮೇಲೆ ಬರೆದು ತಿಳಿಸಿದೆ: "ನೀವು ಒಳಗ ಎಲ್ಲೇ ದಾರಿ ತಪ್ಪಿದ್ರೂ ಸಿ ಡಿ ಅಂತ ಹೊಡೀರಿ. ಸೀದಾ ನಿಮ್ಮ ಮನಿಗೆ ಹೋಗ್ತೀರಿ."

ಯಲಬುರ್ಗಾದಿಂದ ಬರುತ್ತಿದ್ದ ಗುಮಾಸ್ತರೊಬ್ಬರು ಸಿ ಡಿ ಹೊಡೆದರು. ಎದ್ದು ಊಟದ ಡಬ್ಬಿ ಚೀಲಕ್ಕೆ ಹಾಕಿಕೊಂಡರು. ಚಪ್ಪಲಿ ಮೆಟ್ಟಿದರು.

"ಎಲ್ಲಿಗ್ರಿ?" ಅಂದೆ.

"ನೀವಾ ಅಂದ್ರೆಲ್ರಿ. ಮೂರೂವರಿ ಬಸ್ಸು ಸಿಕ್ಕರ ಛಲೋ ಆಕ್ಕೈತಿ."

ಕಾಣದ ಅಕ್ಷರ

ಒಳಗೆ ಹೋಗಲು ಗುಟ್ಟಿನ ಪದ ಹೊಡೆಯಬೇಕು. ಹೊಡೆಯುವಾಗ ಅದು ಪರದೆಯ ಮೇಲೆ ಮೂಡುವುದಿಲ್ಲ. ಅವತ್ತು ಕೋಣೆಯಲ್ಲಿ ಗುಲ್ಲೋ ಗುಲ್ಲು. "ಸರ, ನಂದು ಕೆಟ್ಟೈತ್ರಿ!" "ನಂದೂ ಮೂಡವಲ್ದು!" ಒಬ್ಬರಂತೂ ಕೀಬೋರ್ಡನ್ನು ತಲೆಕೆಳಗು ಮಾಡಿ ಕೊಡವಿದರು.

ಬೇವೂರಿನ ಹೆಣ್ಣುಮಗಳೊಬ್ಬಳಿದ್ದಳು. ಗಂಡ ತೀರಿಕೊಂಡ ಮೇಲೆ ಅನುಕಂಪದ ಆಧಾರದಲ್ಲಿ ಅವನ ನೌಕರಿ ಅವಳಿಗೆ ಬಂದಿತ್ತು. ನಾವೆಲ್ಲ ಬೇವೂರಕ್ಕ ಅನ್ನುತ್ತಿದ್ದೆವು. ಅವಳು ಎದ್ದು ನಿಂತು, "ನಾ ಹುಲಿಗೆಮ್ಮ ಅಂತ ಬರೋಬರಿ ಹೊಡದೀನ್ರಿ, ಒಳಗ ಬಿಡವಲ್ದು" ಅಂತ ಎಲ್ಲರಿಗೂ ಕೇಳುವಂತೆ ಹೇಳಿದಳು.

"ಅಕ್ಕಾ, ಗುಟ್ಟಿನ ಪದ ಬಾಯಿಬಿಟ್ಟು ಹೇಳಬಾರದು. ನಾಳೆ ಬದಲು ಮಾಡ್ರಿ" ಅಂದೆ.

ಮರುದಿನ ಬಂದವಳೇ, "ಬದಲು ಮಾಡೀನ್ರಿ ಸರ. ಈಗ ಹುಲಿಗೆಮ್ಮ ತಾಯಿ!" ಅಂದಳು.

ಆ ಗುಲ್ಲಿನ ನಡುವೆ ಒಬ್ಬರು ಮಾತ್ರ ಸುಮ್ಮನೆ ಹೊಡೆದು, ಒಂದೇ ಸಲಕ್ಕೆ ಒಳಗೆ ಹೋಗಿ ಕೈಕಟ್ಟಿ ಕೂತಿದ್ದರು. ಬೇವೂರಕ್ಕನ ಮಗ್ಗುಲಿನ ಹಿರಿಯ ಗುಮಾಸ್ತರು, ಕುಷ್ಟಗಿಯವರು. ಕಚೇರಿಯೆಲ್ಲ ಅವರಿಗೆ ದೊಡ್ಡ ಸರ್ ಅನ್ನುತ್ತಿತ್ತು. ನಿವೃತ್ತಿಗೆ ಇನ್ನೊಂದು ವರ್ಷವಿತ್ತು.

"ನೋಡ್ರಿ ದೊಡ್ಡ ಸರ್‌ನ. ಅಕ್ಷರ ಕಾಣ್ಲಿಲ್ಲಂತ ಗಾಬರಿ ಆದ್ರೇನು?" ಅಂದೆ ನಾನು ಉಳಿದವರಿಗೆ.

ಅವರು ಮೆಲ್ಲಗೆ ಅಂದರು: "ನನಗೇನೂ ಫರಕ್ ಅನಸಲಿಲ್ಲ ಬಿಡ್ರಿ."

ಆರಿದ ಪರದೆ

ಚಹಾದ ಅಂಗಡಿಯಲ್ಲಿ ನಾನು ಹೇಳಬಾರದಿದ್ದದ್ದು ಇದನ್ನೇ.

ಒಂದು ದಿನ ಫೈಲು ಮಾಡುವುದು, ಅಳಿಸುವುದು ಹೇಳಿಕೊಟ್ಟು ಎಲ್ಲರನ್ನೂ ಅಭ್ಯಾಸಕ್ಕೆ ಬಿಟ್ಟಿದ್ದೆ. ಬೇವೂರಕ್ಕ ರಜೆ ಹಾಕಿದ್ದಳು. ದೊಡ್ಡ ಸರ್ ಟಕಟಕ ಟೈಪ್ ಮಾಡುತ್ತಿದ್ದರು. ಹಿಂದಿನಿಂದ ಹೋಗಿ ನೋಡಿದರೆ ಅವರ ಪರದೆ ಆರಿತ್ತು. ಪ್ಲಗ್ ಸಡಿಲಾಗಿ ಎಷ್ಟು ಹೊತ್ತಾಗಿತ್ತೋ. ಅವರು ಮಾತ್ರ ಹೊಡೆಯುತ್ತಲೇ ಇದ್ದರು. ನಡುನಡುವೆ ಪರದೆಯ ಕಡೆ ತಲೆ ಬೇರೆ ಆಡಿಸುತ್ತಿದ್ದರು.

ಉಳಿದವರಿಗೆ ಸನ್ನೆ ಮಾಡಿ ಕರೆದೆ. ಆರೂ ಮಂದಿ ಬಂದು ಹಿಂದೆ ನಿಂತರು.

"ದೊಡ್ಡ ಸರ್, ಏನ್ ಕಾಣಾಕತ್ತೈತ್ರಿ?" ಅಂದೆ.

"ಎಲ್ಲಾ ಬರೋಬರಿ ಐತ್ರಿ" ಅಂದರು.

ಕೋಣೆ ಹಾರಿಹೋಗುವಂತೆ ನಕ್ಕೆವು. ಅವರು ಕೈ ಚಾಚಿ ಪರದೆಯ ಗಾಜನ್ನು ಮುಟ್ಟಿದರು. ಬಿಸಿ ಇರಲಿಲ್ಲ. ಆಗ ತಿಳಿದಿರಬೇಕು. ಅವರೂ ನಮ್ಮ ಜೊತೆ ನಕ್ಕರು. "ವಯಸ್ಸಾತಲ್ರಿ, ಧ್ಯಾನ ಎಲ್ಲೋ ಇತ್ತು" ಅಂದರು. ಅವತ್ತು ಸಂಜೆಯೇ ನಾನು ಚಹಾದ ಅಂಗಡಿಯಲ್ಲಿ ಇದನ್ನು ಹೇಳಿದೆ.

ಮಾರನೆಯ ದಿನ ಬೇವೂರಕ್ಕ ಎಲ್ಲರಿಗಿಂತ ಮೊದಲು ಬಂದು ಬಾಗಿಲಲ್ಲಿ ನನ್ನ ದಾರಿ ಕಾಯುತ್ತಿದ್ದಳು.

"ನಿನ್ನಿದು ಕೇಳಿದೆ. ನೀವು ನಗಬಾರದಾಗಿತ್ತು ಸರ" ಅಂದಳು. "ಅವರಿಗೆ ಕಣ್ಣು ಕಾಣಂಗಿಲ್ಲ."

ಎರಡು ವರ್ಷದ ಹಿಂದೆಯೇ ಶುರುವಾಗಿತ್ತಂತೆ. ಕಣ್ಣಿನ ಒಳಗಿನ ಒತ್ತಡ. ಹುಬ್ಬಳ್ಳಿಯಲ್ಲಿ ತೋರಿಸಿದಾಗ, ಹೋದದ್ದು ತಿರುಗಿ ಬರುವುದಿಲ್ಲ ಅಂದರಂತೆ. ಬಲಗಣ್ಣು ಪೂರಾ ಹೋಗಿತ್ತು. ಎಡಗಣ್ಣಿಗೆ ಒಂದಿಷ್ಟು ಮಸುಕು ಬೆಳಕು ಉಳಿದಿತ್ತು. ಮನೆಯವರನ್ನು ಬಿಟ್ಟರೆ ಗೊತ್ತಿದ್ದದ್ದು ಇವಳೊಬ್ಬಳಿಗೇ. ದಿನಾ ಕಡತಗಳನ್ನು ಸಣ್ಣ ದನಿಯಲ್ಲಿ ಓದಿ ಹೇಳುತ್ತಿದ್ದವಳು ಇವಳೇ.

"ನನ್ನ ಗಂಡ ಸತ್ತಾಗ ನನಗ ಅರ್ಜಿ ಬರಿಯಾಕ ಬರತಿರಲಿಲ್ರಿ. ಇದು ಟಪಾಲು, ಇದು ಟಿಪ್ಪಣಿ ಅಂತ ಒಂದೊಂದಾ ಹೇಳಿಕೊಟ್ಟು ನನ್ನ ಕುರ್ಚಿ ಮ್ಯಾಲೆ ಕುಂದರಿಸಿದವ್ರು ಅವರು. ಈಗ ನೀವು ಸಾಹೇಬ್ರಿಗೆ ಹೇಳ್ತೀರೇನು?"

ಅಷ್ಟರಲ್ಲಿ ದೊಡ್ಡ ಸರ್ ಗೋಡೆ ಹಿಡಿದುಕೊಂಡು ಬಂದರು. ಅವಳ ದನಿ ಕೇಳಿಯೇ ಸಂಗತಿ ಏನು ಅಂತ ಅವರಿಗೆ ಗೊತ್ತಾಯಿತು.

"ಮಾಸ್ತರ, ಮೂವತ್ತು ವರ್ಷ ಈ ಇಲಾಖೆದಾಗ ಟೈಪು ಹೊಡದೀನಿ. ಇನ್ನೊಂದು ವರ್ಷ ಐತಿ. ಕುರುಡ ಅನ್ನಿಸ್ಕೊಂಡು ಹೊರಗ ಹೋಗಾಕ ಮನಸ್ಸು ಒಪ್ಪವಲ್ದು. ಹೇಳೋದಾದ್ರ ಹೇಳ್ರಿ. ಕಲಿಸೋದಾದ್ರ ಕಲಿಸ್ರಿ."

"ಕಲಿಸ್ತೀನ್ರಿ" ಅಂದೆ. ತಪ್ಪಾಯಿತು ಅನ್ನಲು ಬಾಯಿ ತೆರೆದೆ.

"ಇರಲಿ ಬಿಡ್ರಿ. ಪ್ಲಗ್ ಹಾಕೀರೋ ಇಲ್ಲೋ ಅದನ್ನರ ಹೇಳ್ರಿ" ಅಂದರು.

ಕೆಮ್ಮು

ಕಲಿಸುತ್ತಾ ಹೋದಂತೆ ನನಗೇ ಬೆರಗಾಯಿತು. ಮೌಸ್ ಇರುವ ಯಂತ್ರವಾಗಿದ್ದರೆ ಅವರಿಗೆ ಆಗುತ್ತಲೇ ಇರಲಿಲ್ಲ. ಯುನಿಕ್ಸಿಗೆ ಬೇಕಾದದ್ದು ನೆನಪು ಮತ್ತು ಬೆರಳು. ಅವರಿಗೆ ಎರಡೂ ಇದ್ದವು. ಕೀಬೋರ್ಡಿನ ಎರಡು ಗುಂಡಿಗಳ ಮೇಲೆ ತಡವಿದರೆ ತಿಳಿಯುವ ಗುರುತಿತ್ತು. ಅಲ್ಲಿ ತೋರುಬೆರಳು ಇಟ್ಟರೆಂದರೆ ಉಳಿದದ್ದೆಲ್ಲ ಬೆರಳೇ ಹುಡುಕಿಕೊಳ್ಳುತ್ತಿತ್ತು. ಒಂದೇ ತೊಂದರೆ: ಹುಕುಂ ಸರಿಯಾದರೆ ಯುನಿಕ್ಸ್ ಏನೂ ಮಾತಾಡುವುದಿಲ್ಲ. ತಪ್ಪಾದರೆ ಮಾತ್ರ ಪರದೆಯ ಮೇಲೆ ಬರೆದು ಬೈಯುತ್ತದೆ. ಅದನ್ನು ಓದುವವರು ಬೇಕು.

ಬೇವೂರಕ್ಕ ಉಪಾಯ ಮಾಡಿದಳು. ತಪ್ಪಾದರೆ ಅವಳು ಒಮ್ಮೆ ಕೆಮ್ಮುವುದು.

ಎರಡು ವಾರ ಛಲೋ ನಡೆಯಿತು. ಮೂರನೆಯ ವಾರ ಅವಳಿಗೆ ನೆಗಡಿಯಾಯಿತು. ಅವತ್ತು ದೊಡ್ಡ ಸರ್ ಫೈಲುಗಳನ್ನು ಇಡುವ ಒಂದು ಹೊಸ ಡೈರೆಕ್ಟರಿ ಮಾಡಿದರು. ಸರಿಯಾಗಿಯೇ ಆಗಿತ್ತು. ಅಕ್ಕ ಕೆಮ್ಮಿದಳು. ಆಗಿಲ್ಲ ಅಂದುಕೊಂಡು ಅವರು ಅದನ್ನೇ ಮತ್ತೆ ಹೊಡೆದರು. ಈಗ ಯುನಿಕ್ಸ್, ಈ ಹೆಸರಿನದು ಆಗಲೇ ಇದೆ ಅಂತ ನಿಜವಾಗಿಯೂ ಬೈಯಿತು. ಅಕ್ಕ ಕರ್ತವ್ಯವೆಂದು ಕೆಮ್ಮಿದಳು. ಅವರು ಹೆಸರು ಬದಲಿಸಿ ಹೊಡೆದರು. ಅಕ್ಕನಿಗೆ ತಡೆಯಲಾಗದ ಕೆಮ್ಮು. ಹೀಗೆ ಗಂಟೆಯೊಳಗೆ ಹದಿನೇಳು ಡೈರೆಕ್ಟರಿ ಹುಟ್ಟಿದವು.

ಯಲಬುರ್ಗಾದ ಗುಮಾಸ್ತರು ತಿರುಗಿ ನೋಡಿ, "ಅಕ್ಕಾ, ದವಾಖಾನಿಗೆ ಹೋಗಬಾರದ?" ಅಂದರು.

ದೊಡ್ಡ ಸರ್ ಬೆವರು ಒರೆಸಿಕೊಳ್ಳುತ್ತಾ ಕೇಳಿದರು: "ಅದು ಆಮ್ಯಾಲ ಆಗಲಿ. ಮೊದಲು ಯಾವ ಕೆಮ್ಮು ನೆಗಡೀದು, ಯಾವುದು ಯುನಿಕ್ಸಿಂದು, ಲೆಕ್ಕ ಹೇಳವಾ ನನಗ!"

ಅವತ್ತು ಸಂಜೆ ಯಂತ್ರದೊಳಗಿನ ಅವರ ಖಾತೆಯಲ್ಲಿ ಎರಡು ಸಾಲು ಬರೆದುಹಾಕಿದೆ. ತಪ್ಪಾದಾಗ ಯಂತ್ರವೇ ಟಣ್ ಅನ್ನುವಂತಾಯಿತು. ಮರುದಿನದಿಂದ ಅಕ್ಕನಿಗೆ ಕೆಮ್ಮುವ ಕೆಲಸ ಉಳಿಯಲಿಲ್ಲ. ಅದಕ್ಕವಳು ಅತ್ತದ್ದು ಯಾಕೆ ಅಂತ ನಾನು ಕೇಳಲಿಲ್ಲ.

ಪರೀಕ್ಷೆ

ಪರೀಕ್ಷೆ ತೆಗೆದುಕೊಳ್ಳಲು ಹೊರಗಿನ ಊರಿಂದ ಒಬ್ಬ ಸಾಹೇಬರು ಬಂದರು. ಕೂರುವ ಜಾಗ ಪಟ್ಟಿಯ ಪ್ರಕಾರ. ಅಕ್ಕ ಒಂದು ಮೂಲೆ, ದೊಡ್ಡ ಸರ್ ಇನ್ನೊಂದು ಮೂಲೆ. ನಾನು ಬಾಗಿಲ ಹೊರಗೆ. ಕೈಯಲ್ಲಿ ಹಿಡಿದ ಚಹಾ ಆರಿ ತಣ್ಣಗಾದದ್ದೂ ಗೊತ್ತಾಗಲಿಲ್ಲ.

ಪರೀಕ್ಷಕರು ಪ್ರಶ್ನೆ ಓದಿ ಹೇಳುತ್ತಿದ್ದರು. ದೊಡ್ಡ ಸರ್ ಹೊಡೆಯುತ್ತಿದ್ದರು. ಒಂದು ಸಲವೂ ಟಣ್ ಅನ್ನಲಿಲ್ಲ. ಪರೀಕ್ಷಕರು ಅವರ ಹಿಂದೆಯೇ ನಿಂತುಬಿಟ್ಟರು.

"ಈಗ ಎಷ್ಟು ಫೈಲ್ ಅದಾವ, ನೋಡಿ ಹೇಳ್ರಿ."

ಇದನ್ನು ಟಣ್ ಹೇಳಿಕೊಡುವುದಿಲ್ಲ.

"ಐದು" ಅಂದರು ದೊಡ್ಡ ಸರ್, ತಡವಿಲ್ಲದೆ.

"ಪರದೆ ನೋಡಲಿಲ್ಲಲ್ರಿ?"

"ಏಳು ಮಾಡೀನಿ, ಎರಡು ಅಳಿಸೀನಿ. ನಾ ಮಾಡಿದ್ದನ್ನ ನಾ ಯಾಕ ನೋಡಬೇಕು ಸಾಹೇಬ್ರ?"

ಪರೀಕ್ಷಕರು ನಕ್ಕರು. ಉಳಿದವರ ಕಡೆ ತಿರುಗಿ ದೊಡ್ಡ ದನಿಯಲ್ಲಿ ಹೇಳಿದರು: "ನೋಡಿ ಕಲೀರಿ! ನೀವೆಲ್ಲ ಗುಂಡಿ ಹುಡುಕಾಕ ಬಗ್ತೀರಿ, ಪರದಿ ನೋಡಾಕ ಏಳ್ತೀರಿ. ಇವರು ಕಣ್ಣು ಅತ್ತಿತ್ತ ಅಲ್ಲಾಡಿಸವಲ್ಲರು!"

ಎಂಟೂ ಮಂದಿ ಪಾಸಾದರು. ವಾರದೊಳಗೆ ಕಚೇರಿಯ ಆದೇಶ ಬಂತು. ಹೆಚ್ಚಿನ ಅಂಕ ಪಡೆದ ದೊಡ್ಡ ಸರ್ ಇನ್ನು ಮುಂದೆ ಕಂಪ್ಯೂಟರ್ ಕೋಣೆಯ ಮೇಲೆ ಕಣ್ಣಿಟ್ಟಿರತಕ್ಕದ್ದು. ಅಕ್ಕ ಅದನ್ನು ಸಣ್ಣ ದನಿಯಲ್ಲಿ ಅವರಿಗೆ ಓದಿ ಹೇಳಿದಳು.

"ಸರಕಾರಿ ಹುಕುಂ ಅವಾ. ಇಲ್ಲ ಅನ್ನಾಕ ಬರತೈತೇನು?" ಅಂದು ಅವರು ತಡವಿ ಸಹಿ ಮಾಡಿದರು.

ಫೋಟೋ

ಅವರು ಕಣ್ಣಿಟ್ಟಿದ್ದು ಒಂಬತ್ತು ತಿಂಗಳು. ಅಷ್ಟರಲ್ಲಿ ಎಡಗಣ್ಣಿನ ಮಸುಕು ಬೆಳಕೂ ಹೋಯಿತು. ಕಚೇರಿಯಲ್ಲಿ ಯಾರಿಗೂ ತಿಳಿಯಲಿಲ್ಲವೋ, ತಿಳಿದೂ ಸುಮ್ಮನಿದ್ದರೋ, ನನಗೆ ಗೊತ್ತಿಲ್ಲ. ಯಲಬುರ್ಗಾದ ಗುಮಾಸ್ತರು ಮಾತ್ರ ಅವರು ನಡೆಯುವ ದಾರಿಯಲ್ಲಿ ಕುರ್ಚಿ ಇದ್ದರೆ ಸದ್ದಿಲ್ಲದೆ ಎತ್ತಿಡುವುದನ್ನು, ಯಂತ್ರ ನೋಡಲು ಹೋದಾಗ ಒಂದೆರಡು ಸಲ ನೋಡಿದ್ದೆ.

ಬೀಳ್ಕೊಡುಗೆಗೆ ನನ್ನನ್ನೂ ಕರೆದಿದ್ದರು. ಶಾಲು ಹೊದಿಸಿ, ಹಾರ ಹಾಕಿ ಆಯಿತು. ಗ್ರೂಪ್ ಫೋಟೋಕ್ಕೆ ಅಂಗಳಕ್ಕೆ ಬಂದೆವು. ಫೋಟೋದವನು ನಮ್ಮನ್ನೆಲ್ಲ ಮಧ್ಯಾಹ್ನದ ಸೂರ್ಯನಿಗೆ ಮುಖ ಮಾಡಿ ನಿಲ್ಲಿಸಿದ. ಅಕ್ಕ ದೊಡ್ಡ ಸರ್‌ನ ಮಾತಾಡಿಸುತ್ತಾ ಮಾತಾಡಿಸುತ್ತಾ ತಂದು ನಡುವಿನ ಕುರ್ಚಿಗೆ ಕೂರಿಸಿದಳು. "ಯಾರೂ ಕಣ್ಣು ಮುಚ್ಚಬ್ಯಾಡ್ರಿ!" ಅಂತ ಫೋಟೋದವನು ಮೂರು ಸಲ ಕೂಗಿದ.

ನಾಲ್ಕು ದಿನದ ಮೇಲೆ ದೊಡ್ಡ ಸರ್ ಪಿಂಚಣಿ ಕಾಗದಕ್ಕೆ ಬಂದಿದ್ದರು. ಯಂತ್ರ ನೋಡಲು ನಾನೂ ಹೋಗಿದ್ದೆ. ಆಗಲೇ ಗಾಜು ಹಾಕಿಸಿದ ಫೋಟೋನೂ ಬಂತು. ತಂದವನು ಮುಖ ಸಣ್ಣದು ಮಾಡಿದ್ದ.

"ನಂದೇನೂ ತಪ್ಪಿಲ್ರಿ. ಸಾಹೇಬ್ರಿಂದ ಹಿಡದು ಎಲ್ಲಾರೂ ಬಿಸಲಿಗೆ ಕಣ್ಣು ಮುಚ್ಚೀರಿ. ನಡುವಿನ ಹಿರ್ಯಾರು ಒಬ್ರಾ ನೋಡ್ರಿ, ಸೂರ್ಯಾನ ಎದುರು ಕಣ್ಣು ತಗದು ಹುಲಿ ಕುಂತಂಗ ಕುಂತಾರ!"

ಯಾರೂ ನಗಲಿಲ್ಲ. ನಾನು ನೆಲ ನೋಡಿದೆ. ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡಳು. ದೊಡ್ಡ ಸರ್ ಫೋಟೋ ಈಸಿಕೊಂಡು, ಗಾಜಿನ ಮೇಲೆ ನಮ್ಮೆಲ್ಲರ ಮೇಲೂ ಬೆರಳಾಡಿಸಿದರು. ಆಮೇಲೆ ಹೊಟ್ಟೆ ಕುಣಿಯುವಂತೆ ನಕ್ಕು ಅಂದರು:

"ಅಂದ್ರ ಇಡೀ ಆಫೀಸಿನ್ಯಾಗ ಎಚ್ಚರಿದ್ದಾಂವ ನಾ ಒಬ್ಬನಾ ಅಂದಂಗಾತು!"