ರಾಜಕುಮಾರನನ್ನು ನಾನು ಕೊಂದ ಬಗೆ

ಮೂಡಿಗೆರೆ ಹತ್ತಿರದ ಒಂದು ಕಾಫಿ ಎಸ್ಟೇಟಿನಲ್ಲಿ ನಾನು ಹಾಜರಿ ಬರೆಯುವ ರೈಟರಾಗಿದ್ದೆ. ಸುತ್ತಮುತ್ತ ನನ್ನಷ್ಟು ಇಂಗ್ಲಿಷ್ ಬಲ್ಲವರು ಇನ್ನೊಬ್ಬರಿಲ್ಲ ಎಂದು ಎಲ್ಲರೂ ನಂಬಿದ್ದರು. ನಂಬಿಸಿದವನು ನಾನೇ! ಹಾಜರಿ ಪುಸ್ತಕದ ನಲವತ್ತು ಪದ ಬಿಟ್ಟರೆ ಆ ಭಾಷೆಗೂ ನನಗೂ ದೂರದ ನಮಸ್ಕಾರ. ಮದುವೆಯಾಗಿ ಮೂರು ತಿಂಗಳಾಗಿದ್ದ ನನ್ನ ಹೆಂಡತಿ ಗೌರಿಯೂ ಇದನ್ನು ನಂಬಿದ್ದಾಳೆಂದು ನಾನು ನಂಬಿದ್ದೆ.

ಆಗಿನ್ನೂ ಸಿನಿಮಾಕ್ಕೆ ಮಾತು ಬಂದಿರಲಿಲ್ಲ. ಆಲ್ದೂರಿನ ಹುಸೇನ್ ಸಾಬರು ಕೈಯಲ್ಲಿ ತಿರುಗಿಸುವ ಯಂತ್ರವನ್ನು ಗಾಡಿಯಲ್ಲಿ ಹೇರಿಕೊಂಡು ಊರೂರಿಗೆ ಹೋಗಿ ಚಿತ್ರ ತೋರಿಸುತ್ತಿದ್ದರು. ತೆರೆಯ ಮೇಲೆ ನಡುನಡುವೆ ಬರುವ ಇಂಗ್ಲಿಷ್ ಬರಹವನ್ನು ಅವರ ಜೊತೆಗಾರ ಕನ್ನಡದಲ್ಲಿ ಕೂಗಿ ಹೇಳುತ್ತಿದ್ದ. ಕಳಸದಲ್ಲಿ ಕೂಗಿ ಕೂಗಿ, ನಮ್ಮ ಎಸ್ಟೇಟಿಗೆ ಬರುವ ಹೊತ್ತಿಗೆ ಅವನ ಗಂಟಲು ಕಟ್ಟಿಹೋಗಿತ್ತು.

"ಯಾರೋ ರಾಜಕುಮಾರಿ ನೂರು ವರ್ಷ ಮಲಗ್ತಾಳಂತೆ. ನೀವೇ ಹೇಳ್ಬೇಕು ರೈಟ್ರೇ" ಎಂದರು ಸಾಬರು.

ನನಗೆ ಆನೆಬಲ ಬಂತು. ಆ ಕಥೆಯನ್ನು ಮಿಡ್ಲ್ ಸ್ಕೂಲಿನಲ್ಲಿ ಮೇಷ್ಟ್ರು ಹೇಳಿದ್ದರು. ಓದುವ ಅಗತ್ಯವೇ ಇಲ್ಲ!

"ಆದ್ರೆ ಇದ್ರಲ್ಲಿ ತಮಾಷೆಗೆ ಕಥೆನ ಸ್ವಲ್ಪ ಬದಲಾಯ್ಸಿದಾರಂತೆ. ಒಂದ್ಸಲ ನೋಡ್ಕೊಳ್ಳಿ."

"ಮಲಗೋ ಕಥೇಲಿ ಬದಲಾಯ್ಸೋದು ಏನಿದೆ ಸಾಬ್ರೇ?" ಎಂದೆ.

ಭಾನುವಾರ ಮಧ್ಯಾಹ್ನ ಕಾಫಿ ಗೋದಾಮಿನ ಕಿಟಕಿಗಳಿಗೆ ಗೋಣಿತಾಟು ಹೊಡೆದು ಕತ್ತಲು ಮಾಡಿದೆವು. ಗೋಣಿಯ ಸಣ್ಣ ತೂತುಗಳಿಂದ ಬಿಸಿಲಿನ ಎಳೆಗಳು ಇಳಿದಿದ್ದವು. ಅವುಗಳಲ್ಲಿ ಕಾಫಿಯ ಧೂಳು ಬಂಗಾರದಂತೆ ತೇಲುತ್ತಿತ್ತು. ತೆರೆಯಾಗಿ ಕಟ್ಟಿದ್ದ ಬಿಳಿ ಪಂಚೆಯ ಮೇಲೆ ಅರಮನೆ ಮೂಡಿತು. ರಾಜಕುಮಾರಿ ಮಲಗಿದಳು. ಕಾವಲುಗಾರ ನಿಂತಲ್ಲೇ ಮಲಗಿದ. ಅಡುಗೆಯವನು ಸೌಟು ಹಿಡಿದುಕೊಂಡೇ ಮಲಗಿದ. ಮೂಟೆಗಳ ಮೇಲೆ ಕೂತಿದ್ದ ಆಳುಗಳೆಲ್ಲ ತಾವೂ ಅದೇ ಅರಮನೆಯಲ್ಲಿ ನಿದ್ದೆ ಹೋದವರಂತೆ ಸದ್ದಿಲ್ಲದೆ ಕೂತರು.

"ಈಗ ರಾಜಕುಮಾರನು ಬಂದು ಆಕೆಯನ್ನು ಎಬ್ಬಿಸತಕ್ಕದ್ದು!" ಎಂದು ಘೋಷಿಸಿದೆ.

ಅವನು ಬಂದ. ಮುಳ್ಳುಪೊದೆಗಳನ್ನು ಸೀಳಿಕೊಂಡು ಮಂಚದ ಬಳಿಯವರೆಗೂ ಬಂದ. ಬಂದವನು ಕತ್ತಿ ಕೆಳಗಿಟ್ಟು ನೆಲದ ಮೇಲೆ ಉರುಳಿಕೊಂಡ! ಅಷ್ಟರಲ್ಲಿ ಉದ್ದನೆಯ ಬರಹವೊಂದು ಬಂತು. ಅದರಲ್ಲಿ ನನ್ನ ನಲವತ್ತು ಪದಗಳ ಪೈಕಿ ಒಂದೂ ಇರಲಿಲ್ಲ.

"ಮುಳ್ಳಿನ ವಿಷವೇರಿ ರಾಜಕುಮಾರನು ತೀರಿಕೊಂಡನು!" ಎಂದು ಕೂಗಿಬಿಟ್ಟೆ.

ಹೆಂಗಸರು ಲೊಚಗುಟ್ಟಿದರು. ಯಾರೋ ಮೂಗು ಒರೆಸಿಕೊಂಡರು. ಗೌರಿ ಮಾತ್ರ ಕಿಸಕ್ಕನೆ ನಕ್ಕಳು. ಮರುಕ್ಷಣ ಸತ್ತವನು ಮಗ್ಗುಲು ಬದಲಿಸಿದ!

ಮುಂದಿನ ಕುರ್ಚಿಯಲ್ಲಿ ಎಸ್ಟೇಟ್ ಧಣಿಗಳ ತಾಯಿ ದೊಡ್ಡಮ್ಮನವರು ಕೂತಿದ್ದರು. "ರೈಟ್ರೇ, ಹೆಣ ಹೊರಳ್ತಲ್ಲ?" ಎಂದರು.

"ಜೀವ ಹೋಗುವಾಗ ಹಾಗಾಗುತ್ತೆ ಅಮ್ಮಾವ್ರೇ."

ಹೆಣ ತೊಡೆ ಕೆರೆದುಕೊಂಡಿತು.

ಆಗ ರಾಜಕುಮಾರಿ ತಾನಾಗಿಯೇ ಎದ್ದಳು. ತನ್ನ ಕಂಬಳಿಯನ್ನು ಅವನಿಗೆ ಹೊದಿಸಿ, ಅವನ ಟೋಪಿ ಹಾಕಿಕೊಂಡು, ಅವನದೇ ಕುದುರೆ ಹತ್ತಿ ಹೊರಟಳು. ಇನ್ನೊಂದು ಬರಹ ಬಂತು. ಗೌರಿ ಮತ್ತೆ ನಕ್ಕಳು. ನಾನು ಬೆವರು ಒರೆಸಿಕೊಂಡು, "ದಹನಕ್ಕೆ ಕಟ್ಟಿಗೆ ತರಲು ಹೊರಟಳು!" ಎಂದೆ.

"ಅಯ್ಯೋ ಮಾರಾಯಾ, ಕಟ್ಟಿಗೆಗೆ ಹೋಗೋಳು ಹಿಂಗೆ ಕುಣ್ಕೊಂಡು ಹೋಗ್ತಾಳಾ?" ದೊಡ್ಡಮ್ಮನವರು ಸಿಡುಕಿದರು. "ಸಾಬ್ರೇ, ನಿಲ್ಸಿ! ಗೌರಿ, ನೀನ್ಯಾಕೆ ಎಲ್ರಿಗಿಂತ ಮುಂಚೆ ನಗ್ತಿದೀಯ?"

ಗೌರಿ ಸೆರಗು ಸರಿಮಾಡಿಕೊಂಡು ಎದ್ದು ನಿಂತಳು. "ಬರ್ದಿರೋದನ್ನ ಓದ್ದೆ ಅಮ್ಮಾವ್ರೇ. ಚಿಕ್ಕಮಗಳೂರಲ್ಲಿ ಏಳು ವರ್ಷ ಇಂಗ್ಲಿಷ್ ಶಾಲೇಲಿ ಕಲ್ತಿದೀನಿ."

ಮೂಟೆಗಳ ಮೇಲಿದ್ದವರೆಲ್ಲ ನನ್ನ ಕಡೆ ತಿರುಗಿದರು.

"ನಂಗ್ಯಾಕೆ ಹೇಳ್ಲಿಲ್ಲ?" ಎಂದೆ ಮೆಲ್ಲಗೆ.

"ನೀವು ಕೇಳ್ಲೇ ಇಲ್ವಲ್ಲ."

ದೊಡ್ಡಮ್ಮನವರ ಅಪ್ಪಣೆಯಂತೆ ಚಿತ್ರ ಮೊದಲಿನಿಂದ ಶುರುವಾಯಿತು. ಹೇಳುವ ಕೆಲಸ ಗೌರಿಗೆ. ಕೈಸೋತ ಸಾಬರ ಬದಲು ಯಂತ್ರ ತಿರುಗಿಸುವ ಹುದ್ದೆ ನನಗೆ!

"ರಾಜಕುಮಾರಿ ಹೇಳ್ತಾಳೆ" ಎಂದಳು ಗೌರಿ, "ಪಾಪ, ದಾರಿ ನಡೆದು ದಣಿದಿದಾನೆ, ಮಲಗ್ಲಿ. ನೂರು ವರ್ಷ ನಾನು ಮಲಗಿದ್ದು ಸಾಕು. ಲೋಕ ನೋಡ್ಕೊಂಡು ಬರ್ತೀನಿ."

ಗೋದಾಮೆಲ್ಲ ನಕ್ಕಿತು. ಕುದುರೆ ಹುಲ್ಲಿನ ಗುಡ್ಡಗಳ ಮೇಲೆ ಓಡಿತು. ಅದು ಯಾವ ದೇಶದ ಗುಡ್ಡವೋ, ನನ್ನ ಕಣ್ಣಿಗೆ ಮಂಜು ಹೊದ್ದ ನಮ್ಮ ದೇವರಮನೆ ಬೆಟ್ಟವೇ. ಗೌರಿಯ ದನಿ ಅಷ್ಟು ತಂಪಾಗಿದೆ ಎಂದು ಮೂರು ತಿಂಗಳಲ್ಲಿ ನನಗೆ ಗೊತ್ತೇ ಆಗಿರಲಿಲ್ಲ. ಬೆಳಕಿನಲ್ಲಿ ತೇಲುವ ಧೂಳನ್ನೂ ಅವಳ ಮುಖವನ್ನೂ ನೋಡುತ್ತ ಮೈಮರೆತೆ. ಕೈ ನಿಧಾನವಾಯಿತು. ಕುದುರೆ ಕಾಲೆತ್ತಿಕೊಂಡು ಗಾಳಿಯಲ್ಲೇ ತೇಲತೊಡಗಿತು.

"ರೈಟ್ರೇ, ಜೋರಾಗಿ ತಿರುಗ್ಸಿ!" ದೊಡ್ಡಮ್ಮನವರು ಗದರಿದರು. "ಅದಕ್ಕೂ ಇಂಗ್ಲಿಷ್ ಬರ್ಬೇಕಾ?"

ತಿರುಗಿಸಿದೆ.