ಒಂದು ಗಲ್ಲಾ, ಎರಡು ಆಟದ ಪೆಟ್ಟಿಗೆ

ಅಂಗಡಿಯ ಬಾಗಿಲು ತೆಗೆದು ಕೂತವನಿಗೆ ಗಿರಾಕಿ ಬರದಿದ್ದರೂ ಪ್ರಸಂಗಗಳು ಬಂದೇ ಬರುತ್ತವೆ. ಅವು ಚೌಕಾಸಿ ಮಾಡುವುದಿಲ್ಲ, ಬೇಡವೆಂದರೆ ವಾಪಸು ಹೋಗುವುದೂ ಇಲ್ಲ.

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ತಮಿಳುನಾಡಿನ ತೇನಿ ಬಸ್‌ಸ್ಟ್ಯಾಂಡಿನ ಹತ್ತಿರ ನನ್ನದೂ ನನ್ನ ಅಕ್ಕನ ಗಂಡನದೂ ಸೇರಿ ಒಂದು ಟೀವಿ ಅಂಗಡಿ. ಅಂಗಡಿಯಲ್ಲಿ ತಮಿಳು, ಮನೆಯಲ್ಲಿ ಅಜ್ಜಂದಿರ ಕಾಲದ ನಮ್ಮ ಕನ್ನಡ, ಜಗಳಕ್ಕೆ ಎರಡೂ. ರೇಡಿಯೊ ಕೇಳುವವರೇ ಇರಲಿಲ್ಲ. ಟೀವಿ ಕೊಳ್ಳುವವರು ಮಧುರೆಗೆ ಹೋಗುತ್ತಿದ್ದರು. ಉಳಿದದ್ದು ಟೀವಿಗೆ ಸಿಕ್ಕಿಸಿ ಆಡುವ ವಿಡಿಯೊ ಗೇಮ್. ಅದರಲ್ಲೂ ಎರಡು ಜಾತಿ: ಕ್ಯಾಸೆಟ್ ತುರುಕುವುದು, ಸೀಡಿ ತಿರುಗಿಸುವುದು. ನಾನು ಕ್ಯಾಸೆಟ್ಟಿನದು ತಂದೆ. ಭಾವ ಸೀಡಿಯದು ತಂದರು.

ಒಂದು ಅಂಗಡಿಯಿಂದ ಎರಡು ಒಲೆ ಉರಿಯುವುದಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು. ಬೋಡಿಮೆಟ್ಟು ಬೆಟ್ಟದ ಮೇಲೆ ನಮ್ಮ ಮನೆತನದ ಏಲಕ್ಕಿ ಗೋದಾಮು ಇತ್ತು. ಅಲ್ಲಿ ಮಂಜು, ಹೊಗೆ, ಜಿಗಣೆ. ಪೊಂಗಲ್ ಹಬ್ಬದೊಳಗೆ ಯಾರ ಪೆಟ್ಟಿಗೆ ಹೆಚ್ಚು ಹೋಗುತ್ತದೋ ಅವರು ಗಲ್ಲಾ ಮೇಲೆ, ಸೋತವರು ಗೋದಾಮು ನೋಡಿಕೊಳ್ಳಲು ಸಂಸಾರ ಕಟ್ಟಿಕೊಂಡು ಬೆಟ್ಟದ ಮೇಲೆ ಎಂದು ಮಾತಾಯಿತು. ಅಕ್ಕನಿಗೆ ಮೊದಲೇ ಉಬ್ಬಸ.

"ನೀವು ಸೋತರೆ ನಾನು ಹತ್ತಬೇಕು, ಗೆದ್ದರೆ ನಿಮ್ಮಕ್ಕ ಹತ್ತಬೇಕು. ಆಟ ಚೆನ್ನಾಗಿದೆ" ಎಂದಳು ನನ್ನ ಹೆಂಡತಿ.

ಕೈಯಳತೆ

ಒಡ್ಡನ್‌ಛತ್ರಂನಿಂದ ತರಕಾರಿ ಮಂಡಿಯವರೊಬ್ಬರು ಬಂದರು. ಯಾವ ಪೆಟ್ಟಿಗೆಯಲ್ಲಿ ಏನಿದೆ ಎಂದು ಕೇಳಲಿಲ್ಲ. ಕುಂಬಳಕಾಯಿ ಎತ್ತುವ ಹಾಗೆ ಒಂದು ಕೈಗೆ ನನ್ನದು, ಇನ್ನೊಂದು ಕೈಗೆ ಭಾವನದು ತೆಗೆದುಕೊಂಡರು.

"ಕ್ಯಾಸೆಟ್ಟಿನದೇ ಭಾರ. ಸರಕು ಇದೆ ಇದರಲ್ಲಿ" ಎಂದು ಜೇಬಿಗೆ ಕೈ ಹಾಕಿದರು.

ಭಾವನಿಗೆ ತಡೆಯಲಾಗಲಿಲ್ಲ. "ಸರಕು ಏನಂತ ನೋಡೇ ಬಿಡಿ ಅಣ್ಣಾಚಿ" ಎಂದು ಸ್ಕ್ರೂಡ್ರೈವರ್ ತಂದು ನನ್ನ ಪೆಟ್ಟಿಗೆಯ ಹೊಟ್ಟೆ ಬಿಚ್ಚಿದರು. ಒಳಗೆ ಬಿಸ್ಕತ್ತಿನಷ್ಟು ಅಗಲದ ಒಂದು ಹಲಗೆ, ಅದರ ಮೇಲೆ ಕಪ್ಪಗೆ ಒಂದು ತೊಟ್ಟು. ಉಳಿದದ್ದೆಲ್ಲ ಖಾಲಿ. ತಳದಲ್ಲಿ ಮಾತ್ರ ದಪ್ಪನೆಯ ಕಬ್ಬಿಣದ ಪಟ್ಟಿ, ನಾಲ್ಕು ಮೂಲೆಗೂ ಸ್ಕ್ರೂ ಹಾಕಿ ಭದ್ರ ಮಾಡಿದ್ದು.

ಮಂಡಿಯವರು ತೂಕಕ್ಕೆಂದೇ ಇಟ್ಟ ಆ ಪಟ್ಟಿಯನ್ನು ಬೆರಳಿನಿಂದ ತಟ್ಟಿ ನೋಡಿದರು. "ಇದು ಎಲ್ಲಿ ಮಾಡಿದ್ದು?"

"ಚೀನಾ."

"ಅಡಡ! ಅಲ್ಲೂ ನಮ್ಮ ಕಸುಬಿನವರೇ ಇದ್ದಾರಾ!" ಎಂದು ಖುಷಿಯಾಗಿ ಎದ್ದು ಹೋದರು. ಜೇಬಿಗೆ ಹೋದ ಕೈ ಖಾಲಿಯೇ ಬಂದಿತ್ತು.

ಅಳಿಯನ ಮೌನ

ದೀಪಾವಳಿಗೆ ಮುಂಚೆ ಆಂಡಿಪಟ್ಟಿಯವರೊಬ್ಬರು ಬಂದು ಸ್ಟೂಲಿನ ಮೇಲೆ ಕುಸಿದರು. ಮಗಳ ಮದುವೆಯಾದ ಮೇಲಿನ ಮೊದಲ ದೀಪಾವಳಿ. ಅಳಿಯ ಮನೆಗೆ ಬಂದು ಉಳಿಯುತ್ತಾನೆ, ವಿಡಿಯೊ ಗೇಮ್ ಬೇಕಂತೆ. ಹೇಳುವಾಗ ಮನುಷ್ಯನ ಮುಖ ಸಾವಿನ ಮನೆಯಿಂದ ಎದ್ದು ಬಂದ ಹಾಗಿತ್ತು.

ಭಾವ ಸೀಡಿ ಹಾಕಿ ತೋರಿಸಿದರು. ಬಣ್ಣ, ಸಂಗೀತ, ನಿಜವಾದ ಕಾರಿನ ಹಾಗೆ ಕಾರು. ಆದರೆ ಒಂದು ಆಟ ಮುಗಿದು ಇನ್ನೊಂದು ಶುರುವಾಗುವ ತನಕ ಪರದೆ ಕಪ್ಪಾಗಿ ನಿಂತಿತು.

"ಇದೇನು, ನಿಂತುಹೋಯ್ತು?"

"ಸೀಡಿ ಓದಿಕೊಳ್ತಾ ಇದೆ ಅಣ್ಣಾಚಿ. ಸ್ವಲ್ಪ ಹೊತ್ತು."

"ಆ ಸ್ವಲ್ಪ ಹೊತ್ತು ಆಡೋನು ಏನು ಮಾಡ್ತಾನೆ?"

"ಏನಿದೆ, ಪಕ್ಕದವರ ಹತ್ತಿರ ಮಾತಾಡ್ತಾನೆ."

ಅವರು ಬೆಚ್ಚಿಬಿದ್ದು ನನ್ನ ಕಡೆ ತಿರುಗಿದರು. "ನಿಂದು?"

"ಒತ್ತಿದ ಕೂಡಲೇ ಶುರು. ಉಸಿರು ಬಿಡೋಕೂ ಬಿಡುವು ಕೊಡಲ್ಲ."

"ಅದನ್ನೇ ಕಟ್ಟು."

ಬೋರಲು

ಭಾವ ಮಾರಿದ ಸೀಡಿ ಪೆಟ್ಟಿಗೆಯೊಂದು ಕಂಬಂನಿಂದ ವಾಪಸು ಬಂತು. ತಂದವರು ನಿವೃತ್ತ ಬಸ್ ಕಂಡಕ್ಟರು. ನಿಂತೇ ನೌಕರಿ ಮಾಡಿ ಬೆನ್ನು ಹೋಗಿತ್ತು, ಬಾಗಿಕೊಂಡೇ ಒಳಗೆ ಬಂದರು.

"ಅರ್ಧ ಆಟಕ್ಕೆ ನಿಲ್ಲುತ್ತೆ."

ಕಾಯಿಲೆ ಭಾವನಿಗೆ ಗೊತ್ತು. ಬಿಸಿಯಾದರೆ ಸೀಡಿ ಓದುವ ಕಣ್ಣು ಜೋತುಬೀಳುತ್ತದೆ. ಪೆಟ್ಟಿಗೆಯನ್ನು ಬೋರಲು ಹಾಕಿದರು. ಆಟ ಓಡಿತು. "ನೋಡಿದಿರಾ? ಬೋರಲು ಮಲಗಿಸಿದರೆ ಸರಿಹೋಗುತ್ತೆ."

ಕಂಡಕ್ಟರು ಪೆಟ್ಟಿಗೆಯನ್ನು ಕನಿಕರದಿಂದ ನೋಡಿದರು. "ಡಾಕ್ಟರು ನನಗೂ ಇದನ್ನೇ ಹೇಳಿದ್ದು. ದುಡ್ಡು ವಾಪಸು ಕೊಡಿ."

ಕೊನೆಯ ಪಂದ್ಯ

ಪೊಂಗಲ್ ಹತ್ತಿರ ಬಂತು. ಮಾರಿದ್ದರಲ್ಲಿ ವಾಪಸು ಬಂದದ್ದು ಕಳೆದರೆ ಇಬ್ಬರ ವ್ಯಾಪಾರವೂ ಸಮ. ಎಂದರೆ ಎರಡೂ ಹಾಳು. ಆಗ ಬಂದರು ಬೋಡಿಯ ಏಲಕ್ಕಿ ಸಾಹುಕಾರರು. ಬೋಡಿಮೆಟ್ಟಿನ ಮೇಲೆ ಅವರ ತೋಟದಲ್ಲಿ ಅತಿಥಿಗಳಿಗೆ ಕಟ್ಟಿಸಿದ ಮನೆಗಳು, ಮನೆಗೊಂದು ಪೆಟ್ಟಿಗೆ ಬೇಕು. ನಾನೂ ಭಾವನೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಎರಡು ಟೀವಿಯಲ್ಲಿ ಎರಡೂ ಆಟ ಹಚ್ಚಿದೆವು. ಸಾಹುಕಾರರು ಆಟ ನೋಡಲೇ ಇಲ್ಲ. ಮೇಜಿನ ಕೆಳಗೆ ಗುಂಯ್ ಎನ್ನುತ್ತಿದ್ದ ಸ್ಟೆಬಿಲೈಸರ್ ನೋಡಿದರು.

"ಬೆಟ್ಟದ ಮೇಲೆ ಕರೆಂಟು ಕುಡುಕನ ಥರ. ಇದಕ್ಕೆ ಸ್ಟೆಬಿಲೈಸರ್ ಬೇರೆ ಕೊಳ್ಳಬೇಕಾ?"

"ನನ್ನದಕ್ಕೆ ಬೇಡ!" ಎಂದೆ.

"ನನ್ನದಕ್ಕೆ ಬೇಡವೇ ಬೇಡ!" ಎಂದರು ಭಾವ.

ನಾನು ನನ್ನ ಪ್ಲಗ್ ಕಿತ್ತು ನೇರ ಗೋಡೆಗೆ ಚುಚ್ಚಿದೆ. ಭಾವ ತಮ್ಮದನ್ನು ಅದರ ಪಕ್ಕಕ್ಕೇ ಚುಚ್ಚಿದರು. ಟೀವಿಗಳು ಮಾತ್ರ ಸ್ಟೆಬಿಲೈಸರಿನಲ್ಲೇ ಉಳಿದವು. ಸ್ವಲ್ಪ ಹೊತ್ತು ಎಲ್ಲ ಚೆನ್ನಾಗಿತ್ತು. ಆಮೇಲೆ ಬಲ್ಬು ಒಮ್ಮೆ ಹಗಲಿನ ಹಾಗೆ ಉರಿಯಿತು. ನನ್ನ ಪೆಟ್ಟಿಗೆ ಟಪ್ ಎಂದಿತು, ಭಾವನದು ಹೊಗೆ ಬಿಟ್ಟಿತು. ಟೀವಿಗಳಿಗೆ ಮಾತ್ರ ಏನೂ ಆಗಿರಲಿಲ್ಲ, ಎರಡರ ಪರದೆಯ ಮೇಲೂ ಚುಕ್ಕಿಗಳು ಇರುವೆಯ ಹಾಗೆ ಹರಿದಾಡುತ್ತಿದ್ದವು.

ಸಾಹುಕಾರರು ಹೊಗೆ ಇಳಿಯುವ ತನಕ ಕಾದರು. ಆಮೇಲೆ ಮೇಜಿನ ಕೆಳಗೆ ಬೊಟ್ಟು ಮಾಡಿದರು. "ಅದನ್ನು ಕೊಡಿ. ಮನೆಗೊಂದು. ಮೇಲೆ ಬಂದು ಹಾಕಿಕೊಟ್ಟು ಹೋಗಬೇಕು."

ಮಾರನೆಯ ದಿನ ಗೆದ್ದವರಿಲ್ಲದೆ ಇಬ್ಬರೂ ಅವರ ಜೀಪಿನಲ್ಲಿ ಬೆಟ್ಟ ಹತ್ತಿದೆವು, ತೊಡೆಯ ಮೇಲೆ ಒಂದೊಂದು ಸ್ಟೆಬಿಲೈಸರ್. ಅಂಗಡಿಯಲ್ಲಿ ಅಕ್ಕನನ್ನು ಕೂರಿಸಿದ್ದೆವು. ಜಿಗಣೆ ಕಚ್ಚಿಸಿಕೊಂಡು ಸಂಜೆಗೆ ಇಳಿದು ಬಂದಾಗ ಸುಟ್ಟ ಪೆಟ್ಟಿಗೆಗಳು ಕಾಣಲಿಲ್ಲ.

"ಗುಜರಿಯವನಿಗೆ ತೂಕಕ್ಕೆ ಕೊಟ್ಟೆ" ಎಂದಳು ಅಕ್ಕ.

ಭಾವ ತಡೆಯದೆ ಕೇಳಿದರು: "ಯಾವುದಕ್ಕೆ ಜಾಸ್ತಿ ಬಂತು?"

"ತಮ್ಮನದಕ್ಕೇ. ಕಬ್ಬಿಣ ಇತ್ತಲ್ಲ."

ನಾನು ಗೆದ್ದೆನೆಂದು ಗಲ್ಲಾದ ಕಡೆ ಹೆಜ್ಜೆ ಇಟ್ಟೆ. ಅಕ್ಕ ಕೂತಲ್ಲಿಂದ ಏಳಲಿಲ್ಲ. ಬೀಗದ ಕೈಯನ್ನು ಸೆರಗಿಗೆ ಗಂಟು ಹಾಕಿಕೊಂಡಳು.

"ನಿಂತ್ಕೊಳಪ್ಪಾ. ಎರಡೂ ಪೆಟ್ಟಿಗೆ ಹೋಗಿದ್ದು ನನ್ನ ಕೈಯಿಂದ. ನಾನು ಇಲ್ಲೇ ಇರ್ತೀನಿ. ಆ ಬೆಟ್ಟಕ್ಕೆ ನೀವಿಬ್ಬರೂ ಸರದಿ ಹಾಕ್ಕೊಳ್ಳಿ."